ರಾತ್ರಿ ಯಾರದ್ದು?

ನಾಲ್ಕೈದು ಹುಡುಗರು ಸೇರಿ ಬ್ಯಾಂಕಾಕ್‌ಗೆ ಹೋಗಿ ಬಂದರು ಎಂದರೆ ಸಾಕು, ನಮ್ಮ ಕಡೂರು-ತರೀಕೆರೆ ಕಡೆ ಕೇಳಿದವರ ತುಟಿಯಲ್ಲಿ ಒಂದು ಕಿರುನಗೆ ಮೂಡುತ್ತದೆ. ಗಂಡಸರು ಕಣ್ಣು ಮಿಟುಕಿಸುತ್ತಾರೆ. ಹೆಂಗಸರು ಮಾತು ಬದಲಾಯಿಸುತ್ತಾರೆ. 'ಏನೇನು ನೋಡಿದೆಯಪ್ಪಾ?' ಎಂದು ಮಗನನ್ನು ಕೇಳಲು ಹೆತ್ತ ತಾಯಿಗೂ ಹಿಂಜರಿಕೆ. ಆ ನಗೆಯ ಹಿಂದೆ ಏನಿದೆ ಎಂಬುದನ್ನು ಒಮ್ಮೆ ಬಾಯಿಬಿಟ್ಟು ಮಾತನಾಡುವುದೇ ಒಳ್ಳೆಯದು.

ಇಂತಹ ಪ್ರಯಾಣ ಈಗ ಶ್ರೀಮಂತರಿಗೆ ಮಾತ್ರ ಸೀಮಿತವಲ್ಲ. 2023ರ ನವೆಂಬರ್‌ನಲ್ಲಿ ಥಾಯ್ಲೆಂಡ್, ಮರುತಿಂಗಳು ಮಲೇಶ್ಯಾ, ಭಾರತೀಯ ಪ್ರವಾಸಿಗರಿಗೆ ವೀಸಾ ಇಲ್ಲದೆಯೇ ಬರಲು ಅವಕಾಶ ಕೊಟ್ಟವು. ಅಜ್ಜಂಪುರದವನು ಬೀರೂರು ಜಂಕ್ಷನ್‌ಗೆ ಬಂದು ರಾತ್ರಿ ರೈಲು ಹತ್ತಿದರೆ ಬೆಳಗ್ಗೆ ಬೆಂಗಳೂರು. ಅಲ್ಲಿಂದ ವಿಮಾನದಲ್ಲಿ ನಾಲ್ಕು ಗಂಟೆಯ ಆಸುಪಾಸು. ಕೈಯಲ್ಲಿ ಕಾಸು ಕಡಿಮೆ ಇದ್ದವರಿಗೆ ಅಲ್ಲಿ ಖಾವೊ ಸಾನ್ ಎಂಬ ಬೀದಿಯಿದೆ. ಆ ಹೆಸರಿನ ಅರ್ಥ ಅಕ್ಕಿ. ಒಂದು ಕಾಲದ ಅಕ್ಕಿಪೇಟೆ ಇಂದು ಅಗ್ಗದ ವಸತಿಗಳ ಬೀದಿ. ಒಂದೇ ಕೋಣೆಯಲ್ಲಿ ಹಲವರು ಮಲಗುವ ಮಂಚ, ಗಾಡಿಯಲ್ಲಿ ಸಿಗುವ ಊಟ. ಖರ್ಚು ಕಡಿಮೆಯಾಯಿತು ಎಂದು ಹುಡುಗರಿಗೆ ಖುಷಿ.

ಆದರೆ ಸಂಜೆಯಾದ ಮೇಲೆ ಅನೇಕರ ಹೆಜ್ಜೆ ಪಾತ್‌ಪಾಂಗ್‌ನಂತಹ ಬೀದಿಗಳತ್ತ ತಿರುಗುತ್ತದೆ. ಅಲ್ಲಿನ ಬಾರುಗಳ ಬಣ್ಣದ ದೀಪಗಳಿಗೆ ಒಂದು ಚರಿತ್ರೆಯಿದೆ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಸೈನಿಕರು ರಜೆ ಕಳೆಯಲು ಬರುವ ಬಗ್ಗೆ 1967ರಲ್ಲಿ ಒಪ್ಪಂದವಾಯಿತು. ಅವರ ಡಾಲರ್ ಹಿಂದೆಯೇ ಬಾರುಗಳು ಬೆಳೆದವು. ಯುದ್ಧ ಮುಗಿಯಿತು, ಸೈನಿಕರು ಹೋದರು, ಅಂಗಡಿ ಮಾತ್ರ ಮುಚ್ಚಲಿಲ್ಲ. ಸೈನಿಕನ ಜಾಗಕ್ಕೆ ಪ್ರವಾಸಿ ಬಂದ. 1996ರಲ್ಲಿ ವೇಶ್ಯಾವೃತ್ತಿಯ ವಿರುದ್ಧ ಹೊಸ ಕಾನೂನು ಬಂದ ಮೇಲೂ ಆ ದಂಧೆ ನಿಲ್ಲಲಿಲ್ಲ.

ಅಲ್ಲಿ ದುಡಿಯುವ ಹೆಣ್ಣುಮಕ್ಕಳು ಯಾರು? ಬಹಳಷ್ಟು ಮಂದಿ ಈಶಾನ್ಯದ ಈಸಾನ್ ಪ್ರಾಂತದವರು. ಮಳೆಯನ್ನೇ ನಂಬಿ ಭತ್ತ ಬೆಳೆಯುವ ಬಡ ಸೀಮೆ ಅದು. ಊರಲ್ಲಿ ವಯಸ್ಸಾದ ತಾಯಿ, ಸಾಲ, ಅಜ್ಜಿಯ ಮಡಿಲಲ್ಲಿ ಬಿಟ್ಟು ಬಂದ ಮಗು. ತಿಂಗಳು ತಿಂಗಳು ಹಣ ಕಳಿಸಲೇಬೇಕು. ಮೇಲಿಂದ ಮೇಲೆ ಬರ ಕಂಡ ಕಡೂರು ತಾಲೂಕಿನವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಮಳೆ ಕೈಕೊಟ್ಟ ವರ್ಷ ಬೆಂಗಳೂರಿನ ಗಾರ್ಮೆಂಟ್ಸ್‌ಗೆ ದುಡಿಯಲು ಹೋಗುವ ಹೆಣ್ಣುಮಕ್ಕಳು ನಮ್ಮಲ್ಲೂ ಇಲ್ಲವೇ? ಹುಡುಗರಿಗೆ ಅಗ್ಗವೆನಿಸಿದ ರಾತ್ರಿಯ ಉಳಿದ ಬೆಲೆಯನ್ನು ತೆರುವವಳು ಇಂತಹ ಇನ್ನೊಬ್ಬ ರೈತನ ಮಗಳು. ಇದು ತಿಳಿದ ಮೇಲೂ ಕಣ್ಣು ಮಿಟುಕಿಸಲು ಮನಸ್ಸು ಬರುತ್ತದೆಯೇ?

ಹಾಗೆಂದು ಬ್ಯಾಂಕಾಕ್‌ನ ರಾತ್ರಿಯೆಲ್ಲ ಕೆಟ್ಟದ್ದೆನ್ನುವುದು ಅನ್ಯಾಯ. ಅದೇ ನಗರದಲ್ಲಿ ಮನೆಮಂದಿಯೆಲ್ಲ ಹೊರಬಂದು ಊಟ ಮಾಡುವ ರಾತ್ರಿ ಸಂತೆಗಳಿವೆ. ಒಲೆಯ ಮುಂದೆ ನಿಂತು ಗಲ್ಲಾಪೆಟ್ಟಿಗೆಯನ್ನೂ ನೋಡಿಕೊಳ್ಳುವವರಲ್ಲಿ ಹೆಂಗಸರೇ ಬಹಳ. ಬಾಳೆಹಣ್ಣು ಇಟ್ಟು ಮಡಚಿ, ಮೇಲೆ ಸಿಹಿ ಹಾಲು ಸುರಿದು ಕೊಡುವ ತಿಂಡಿಗೆ ಅಲ್ಲಿ 'ರೋಟಿ' ಎಂದೇ ಹೆಸರು. ನಮ್ಮ ರೊಟ್ಟಿಯ ದೂರದ ಸೋದರಿ! ಅದನ್ನು ಮಾರುವವರಲ್ಲಿ ಅನೇಕರು ಮುಸ್ಲಿಮರು. ಸೆನ್ ಸೇಪ್ ಕಾಲುವೆಯ ದಡದಲ್ಲಿ ಬಾನ್ ಕ್ರುವಾ ಎಂಬ ಕೇರಿಯಿದೆ. ಕಾಂಬೋಡಿಯಾ ಕಡೆಯಿಂದ ಬಂದು ನೆಲೆಸಿದ ಚಾಮ್ ಮುಸ್ಲಿಮರು ರೇಷ್ಮೆ ನೇಯ್ದು ಹೆಸರಾದ ಕೇರಿ ಅದು. ಇವನ್ನು ನೋಡಲು ಹೆಚ್ಚು ದುಡ್ಡು ಬೇಡ, ನೋಡುವ ಕಣ್ಣು ಬೇಕು.

ಇನ್ನು ನಮ್ಮ ಊರಿನ ರಾತ್ರಿಯನ್ನು ನೋಡಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಸರಕಾರಿ ಬಸ್ಸಿನಲ್ಲಿ ಹೆಂಗಸರ ಟಿಕೆಟ್ಟಿನ ಚಿಂತೆ ತಪ್ಪಿತು. ಆದರೆ ಕತ್ತಲಾದ ಮೇಲೆ ಬಸ್ಸಿನಿಂದಿಳಿದು ಮನೆ ಸೇರುವ ಚಿಂತೆ ತಪ್ಪಿತೇ? ಬೆಂಗಳೂರಿನಲ್ಲಿ ಓದುವ ಮಗಳು ರಾತ್ರಿ ರೈಲಿನಲ್ಲಿ ಬರುತ್ತಾಳೆಂದರೆ ಅಪ್ಪನೋ ತಮ್ಮನೋ ಸ್ಟೇಷನ್‌ನಲ್ಲಿ ಕಾಯಬೇಕು. ಮಗನಿಗೆ ಬ್ಯಾಂಕಾಕ್‌ನ ರಾತ್ರಿಯೂ ಸಿಕ್ಕಿತು. ಮಗಳಿಗೆ ತನ್ನೂರಿನ ರಾತ್ರಿ ಒಂಬತ್ತು ಗಂಟೆಯೂ ಸಿಗಲಿಲ್ಲ!

ಇದು ಬದಲಾಗದ ಸಂಗತಿಯೇನಲ್ಲ. ಈದ್‌ನ ಹಿಂದಿನ ರಾತ್ರಿ ನಮ್ಮ ಪೇಟೆಗಳನ್ನು ನೆನಪಿಸಿಕೊಳ್ಳಿ. ಬಳೆ, ಮೆಹಂದಿ, ಶಾವಿಗೆ ಕೊಳ್ಳಲು ಅಮ್ಮಂದಿರು, ಹೆಣ್ಣುಮಕ್ಕಳು ಗುಂಪುಗುಂಪಾಗಿ ಬರುತ್ತಾರೆ. ಅಂಗಡಿಗಳು ತೆರೆದಿರುತ್ತವೆ, ದೀಪಗಳು ಉರಿಯುತ್ತಿರುತ್ತವೆ, ಸುತ್ತ ಪರಿಚಿತ ಮುಖಗಳು. ಆ ರಾತ್ರಿ ಯಾರಿಗೂ ಭಯವಿಲ್ಲ. ಬೆಳಕು ಮತ್ತು ಹೆಂಗಸರ ಓಡಾಟ ಇದ್ದಲ್ಲಿ ಭಯ ತಾನಾಗಿ ಕಡಿಮೆಯಾಗುತ್ತದೆ.

ಹಾಗಾಗಿ ಎರಡು ಕೆಲಸ ನಮ್ಮ ಕೈಯಲ್ಲಿವೆ. ಬಸ್ ನಿಲ್ದಾಣದಿಂದ, ರೈಲ್ವೆ ಸ್ಟೇಷನ್‌ನಿಂದ ಕೇರಿಯವರೆಗೆ ಬೀದಿದೀಪ ಹಾಕಿಸಿ, ಹೆಂಗಸರಿಗೆ ಶುಚಿಯಾದ ಶೌಚಾಲಯ ಕೊಡಿ ಎಂದು ನಾಲ್ಕು ಮನೆಯವರು ಸಹಿ ಮಾಡಿ ಪುರಸಭೆಗೆ, ಪಟ್ಟಣ ಪಂಚಾಯತಿಗೆ ಅರ್ಜಿ ಕೊಡೋಣ. ಎರಡನೆಯದು ಮನೆಯೊಳಗಿನದ್ದು. ಪ್ರವಾಸಕ್ಕೆ ಹೊರಟ ಮಗನ ಚೀಲಕ್ಕೆ ಚಕ್ಕುಲಿ, ಉಪ್ಪಿನಕಾಯಿ ತುಂಬುವಾಗ ಈಸಾನ್‌ನ ಆ ಹೆಣ್ಣುಮಗಳ ಕತೆಯನ್ನೂ ಹೇಳಿ ಕಳಿಸೋಣ.