ಸರ್ವೆ ನಂಬರಿನಾಚೆಗಿನ ಬೆಟ್ಟ

ಪುಣೆಯ ಪಶ್ಚಿಮಕ್ಕೆ, ಮೋಸೆ ನದಿಯ ಕಣಿವೆಯಲ್ಲಿ, ವರಸಗಾಂವ್ ಅಣೆಕಟ್ಟಿನ ಹಿನ್ನೀರಿನ ಸುತ್ತ ಲವಾಸಾ ಎಂಬ ಹೊಸ ಪಟ್ಟಣವೊಂದು ತಲೆಯೆತ್ತಿತು. ಮನೆ, ಹೋಟೆಲು, ಕಾಲೇಜು, ಅಂಗಡಿ, ಕಚೇರಿಗಳೆಲ್ಲ ಒಂದೆಡೆ ಇರುವ ಮಿಶ್ರ ಬಳಕೆಯ ಊರು ಅದು. ಮುಳಶಿ ಮತ್ತು ವೆಲ್ಹೆ ತಾಲ್ಲೂಕುಗಳ 18 ಹಳ್ಳಿಗಳ ಭೂಮಿ ಅದರ ನಕ್ಷೆಯೊಳಗೆ ಬಂದಿತು. ಮಹಾರಾಷ್ಟ್ರ ಸರ್ಕಾರವು ಗಿರಿಧಾಮಗಳಿಗೆಂದು 1996ರಲ್ಲಿ ಹೊರಡಿಸಿದ ವಿಶೇಷ ನಿಯಮಾವಳಿಯೇ ಅದಕ್ಕೆ ತಳಹದಿ. 2008ರಲ್ಲಿ ವಿಶೇಷ ಯೋಜನಾ ಪ್ರಾಧಿಕಾರದ ಅಧಿಕಾರವನ್ನೂ ಊರು ಕಟ್ಟುತ್ತಿದ್ದ ಕಂಪನಿಗೇ ಒಪ್ಪಿಸಲಾಯಿತು. ನಕ್ಷೆ ಬರೆಯುವವರೂ ಅವರೇ, ಅದಕ್ಕೆ ಮೊಹರು ಒತ್ತುವವರೂ ಅವರೇ ಎಂಬಂತಾಯಿತು.

1994ರ ಪರಿಸರ ಅಧಿಸೂಚನೆಯ ಪ್ರಕಾರ, ಸಾವಿರ ಮೀಟರಿಗಿಂತ ಎತ್ತರದಲ್ಲಿ ದೊಡ್ಡ ಬಂಡವಾಳದ ಪ್ರವಾಸೋದ್ಯಮ ಯೋಜನೆ ಕೈಗೊಳ್ಳಲು ಕೇಂದ್ರದ ಅನುಮತಿ ಬೇಕಾಗಿತ್ತು. ಯೋಜನೆಯ ಬಹುಪಾಲು ಭೂಮಿ ಅದಕ್ಕಿಂತ ಕೆಳಗಿದೆಯೆಂದು ಕಂಪನಿ ವಾದಿಸಿತು. ಇಳಿಜಾರಿನ ಮಣ್ಣಿಗೂ ಹರಿಯುವ ನೀರಿಗೂ ಸಾವಿರ ಮೀಟರಿನ ಗೆರೆ ಗೊತ್ತಿಲ್ಲ; ಗೊತ್ತಿರುವುದು ಕಡತಕ್ಕೆ ಮಾತ್ರ. 2010ರ ನವೆಂಬರಿನಲ್ಲಿ ಕೇಂದ್ರ ಪರಿಸರ ಸಚಿವಾಲಯ ನೋಟಿಸು ನೀಡಿ ಕೆಲಸ ನಿಲ್ಲಿಸಿತು. ಮರುವರ್ಷ ಷರತ್ತುಗಳೊಡನೆ ಮೊದಲ ಹಂತಕ್ಕೆ ಒಪ್ಪಿಗೆಯೂ ದೊರೆಯಿತು. 2018ರಲ್ಲಿ ಕಂಪನಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಸಾಲಗಾರರ ಲೆಕ್ಕವನ್ನು ನ್ಯಾಯಮಂಡಳಿ ನೋಡಬಲ್ಲದು, ಆದರೆ ಕಡಿದ ಗುಡ್ಡದ ಲೆಕ್ಕವನ್ನು ನೋಡುವ ಮಂಡಳಿ ಯಾವುದೂ ಇಲ್ಲ.

ಇದು ನೆರೆರಾಜ್ಯದ ಕಥೆಯೆಂದು ಮಲೆನಾಡು ಸುಮ್ಮನಿರುವಂತಿಲ್ಲ. ಕರ್ನಾಟಕ ಭೂಸುಧಾರಣಾ ಕಾಯಿದೆಯಲ್ಲಿ ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳುವುದಕ್ಕೆ ತಡೆಯಾಗಿದ್ದ 79ಎ ಮತ್ತು 79ಬಿ ಕಲಮುಗಳನ್ನು 2020ರಲ್ಲಿ ತೆಗೆದುಹಾಕಲಾಯಿತು. ಇನ್ನುಳಿದಿರುವ ಮುಖ್ಯ ಬಾಗಿಲು 1964ರ ಭೂಕಂದಾಯ ಕಾಯಿದೆಯ 95ನೇ ಕಲಮಿನ ಭೂಪರಿವರ್ತನೆ. ಈ ಬಾಗಿಲಲ್ಲಿ ಪ್ರತಿಯೊಂದು ಅರ್ಜಿಯೂ ತನ್ನ ಸರ್ವೆ ನಂಬರಿನೊಡನೆ ಒಂಟಿಯಾಗಿ ಬಂದು ನಿಲ್ಲುತ್ತದೆ. ಮೇಲಿನ ಬೆಟ್ಟ, ಕೆಳಗಿನ ತೋಟ, ಪಕ್ಕದ ಹಳ್ಳ ಯಾವುವೂ ಅರ್ಜಿಯಲ್ಲಿ ಕಾಣುವುದಿಲ್ಲ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯ ಹೆಸರಿನಲ್ಲಿ ಗ್ರಾಮಾಂತರವೆಂಬ ಪದವಿದ್ದರೂ, ಸ್ಥಳೀಯ ಯೋಜನಾ ಪ್ರದೇಶವೆಂದು ಘೋಷಣೆಯಾದ ಕಡೆ ಮಾತ್ರ ಮಹಾಯೋಜನೆ ಸಿದ್ಧವಾಗುತ್ತದೆ. ಮಿಕ್ಕ ಹಳ್ಳಿಗಳ ಪಾಲಿಗೆ ನಕ್ಷೆಯೆಂದರೆ ಬಿಡಿಬಿಡಿ ಮಂಜೂರಾತಿಗಳ ರಾಶಿಯೇ.

ಇದಕ್ಕಿಂತ ವಿವೇಕದ ನಿಯಮವೊಂದು ಈ ಸೀಮೆಯಲ್ಲಿಯೇ ಇದೆ. ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನಬೆಟ್ಟದ ಸೌಲಭ್ಯವನ್ನು ಬ್ರಿಟಿಷರ ಕಾಲದಿಂದ ನೀಡುತ್ತ ಬರಲಾಗಿದೆ. ಬೆಟ್ಟದ ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ತೋಟಕ್ಕೆ, ಬೆಟ್ಟದಲ್ಲಿ ಇಂಗಿದ ಮಳೆ ಬೇಸಿಗೆಯ ಅಬ್ಬಿನೀರಾಗಿ ಅದೇ ತೋಟಕ್ಕೆ. ಬೆಟ್ಟವನ್ನು ಬಿಟ್ಟು ತೋಟವಿಲ್ಲವೆಂಬುದನ್ನು ಕಂದಾಯದ ಕಾನೂನು ಒಪ್ಪಿಕೊಂಡದ್ದು ಸಣ್ಣ ಮಾತಲ್ಲ. ಅನೇಕ ಬೆಟ್ಟಗಳು ಇಂದು ಬೋಳಾಗಿವೆಯೆಂಬುದೂ ನಿಜ. ಅದು ಪಾಲನೆಯ ದೋಷವೇ ಹೊರತು ಆ ತಿಳಿವಳಿಕೆಯದಲ್ಲ. ಹೊಸ ಬಡಾವಣೆಯ ನಿಯಮಗಳಲ್ಲಿ ರಸ್ತೆಯ ಅಗಲ, ಉದ್ಯಾನದ ಪ್ರಮಾಣ ಎಲ್ಲಕ್ಕೂ ಅಳತೆಯುಂಟು. ಒಂದು ನಿವೇಶನಕ್ಕೆ ಎಷ್ಟು ಬೆಟ್ಟ ಬೇಕೆಂಬುದಕ್ಕೆ ಅಳತೆಯಿಲ್ಲ.

ಗುಡ್ಡದ ಬುಡವನ್ನು ನೆಟ್ಟಗೆ ಕತ್ತರಿಸಿದಾಗ ಆಗುವುದೇನೆಂಬುದನ್ನು 2018ರ ಆಗಸ್ಟಿನಲ್ಲಿ ಕೊಡಗು ಕಂಡಿದೆ. ಮಳೆ ಭಾರಿಯಾಗಿದ್ದುದು ಹೌದು. ಆದರೆ ರಸ್ತೆಗೂ ಕಟ್ಟಡಗಳಿಗೂ ಇಳಿಜಾರನ್ನು ಕಡಿದುದರತ್ತ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯೂ ಬೊಟ್ಟು ಮಾಡಿತ್ತು.

ಹಾಗೆಂದು ಹೊಸ ಊರೇ ಬೇಡವೆನ್ನುವುದು ಸಲ್ಲದ ಹಟ. ಕೆಳಗೆ ಅಂಗಡಿ, ಮೇಲೆ ಮನೆ, ಹಿತ್ತಿಲಲ್ಲಿ ದನದ ಕೊಟ್ಟಿಗೆ ಇದ್ದ ಹಳೆಯ ಪೇಟೆಬೀದಿಗಳು ಮಿಶ್ರ ಬಳಕೆಯಲ್ಲದೆ ಮತ್ತೇನು? ಓದಿದ ಮಕ್ಕಳಿಗೆ ಊರಿನ ಸಮೀಪ ಕೆಲಸ ಬೇಕು. ದುಡಿಯುವ ಕೈಗಳಿಲ್ಲದ ಮನೆಯ ಹಿರಿಯರು ತೋಟ ಮಾರಲು ಹೊರಟರೆ ಅದನ್ನು ದುರಾಸೆಯೆನ್ನುವುದು ಅನ್ಯಾಯ. ಕೇಳಬೇಕಾದುದು ಊರಿನ ಗಾತ್ರವನ್ನು ಯಾವ ಆಧಾರದ ಮೇಲೆ ಗೊತ್ತುಮಾಡಲಾಗುತ್ತದೆ ಎಂಬುದನ್ನು. ಬೇಡಿಕೆಯ ಅಂದಾಜಿನಿಂದಲ್ಲ, ಏಪ್ರಿಲ್–ಮೇ ತಿಂಗಳಲ್ಲಿ ಹಳ್ಳದಲ್ಲಿ ಹರಿಯುವ ನೀರಿನಿಂದ ಅದು ನಿರ್ಧಾರವಾಗಬೇಕು. ಆಗಸ್ಟಿನಲ್ಲಿ ಅಳೆದರೆ ಮಲೆನಾಡಿನ ಯಾವ ಹಳ್ಳವೂ ನಗರವೊಂದನ್ನು ಸಾಕಬಲ್ಲಂತೆ ಕಾಣುತ್ತದೆ.

ಪಶ್ಚಿಮಘಟ್ಟದ ಸೂಕ್ಷ್ಮ ಪ್ರದೇಶಗಳ ಕರಡು ಅಧಿಸೂಚನೆ 2014ರಿಂದ ಮತ್ತೆ ಮತ್ತೆ ಹೊರಬಿದ್ದಿದೆ. 2024ರ ಜುಲೈನದು ಆರನೆಯದು. 50 ಹೆಕ್ಟೇರ್ ಹಾಗೂ ಅದಕ್ಕಿಂತ ದೊಡ್ಡ ಟೌನ್‌ಶಿಪ್‌ಗಳನ್ನು ನಿಷೇಧಿಸುವ ಪ್ರಸ್ತಾವ ಅದರಲ್ಲಿದೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ದೆಹಲಿಯ ಗೆರೆ ಬೇಡವೆನ್ನುವವರು ತಮ್ಮದೇ ಗೆರೆ ಎಳೆಯಬೇಕಲ್ಲವೆ? 49 ಹೆಕ್ಟೇರಿನ ಎರಡು ಯೋಜನೆಗಳು ಅಕ್ಕಪಕ್ಕ ಬಂದರೆ ಅವೆರಡನ್ನೂ ಒಂದೇ ಕಣಿವೆಯ ಲೆಕ್ಕಕ್ಕೆ ಸೇರಿಸುವ ನಿಯಮ ಮೊದಲು ಬೇಕಾಗಿದೆ. ಜಲಾನಯನದ ನಕ್ಷೆ ಕನ್ನಡದಲ್ಲಿ ಸಿದ್ಧವಾಗಿ ಗ್ರಾಮಸಭೆಯ ಮುಂದೆ ಬರಬೇಕು, ಅದೂ ಮೊದಲ ಎಕರೆಯ ಪರಿವರ್ತನೆಗೆ ಮುನ್ನ.