ಹಲ್ಲು ನೋಡದೆ ಎತ್ತಿನ ಬೆಲೆ

ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಓಡಾಡೋರಿಗೆ ಕೊಗನೊಳ್ಳಿ ಅಂದ್ರೆ ಟೋಲ್ ನಾಕಾ. ಟಿವಿ ನೋಡೋರಿಗೆ ಗಡಿ ಗಲಾಟೆ ಆದಾಗೆಲ್ಲ ಪೊಲೀಸರು ಬ್ಯಾರಿಕೇಡ್ ಹಾಕೋ ಜಾಗ, ಕೋವಿಡ್ ಕಾಲದಲ್ಲಿ ಆರ್‌ಟಿ-ಪಿಸಿಆರ್ ರಿಪೋರ್ಟು ಕೇಳ್ತಿದ್ದ ಚೆಕ್‌ಪೋಸ್ಟು. ನನಗದು ಅಕ್ಕನ ಊರು. ಕಳೆದ ದೀಪಾವಳಿಗೆ ಹೋದಾಗ ಏಳನೇ ಕ್ಲಾಸಿನ ಅಳಿಯ, ನಾನು ಬ್ಯಾಗು ಇಳಿಸೋಕೂ ಬಿಡದೆ, ಬಂಗಾರದ ಬಣ್ಣದ ಕಾರ್ಡೊಂದನ್ನ ಮುಖಕ್ಕೆ ಹಿಡಿದ.

"ಮಾಮಾ, ಚಾರಿಜಾರ್ಡ್. ನಲವತ್ತೊಂದ ಸಾವಿರ ಐತಿ ಇದರ ರೇಟ."

ಸುಳ್ಳು ಹೇಳ್ತಿರಲಿಲ್ಲ ಪಾಪ. ಅಕ್ಕನ ಫೋನಲ್ಲಿ ಒಂದು ಎಐ ಆ್ಯಪ್ ಇತ್ತು. ಕ್ಯಾಮೆರಾ ಹಿಡಿದರೆ ಕಾರ್ಡಿನ ಹೆಸರು, ಸೆಟ್ಟು, ವರ್ಷ, ಕೆಳಗೆ ಹಸಿರು ಅಕ್ಷರದಲ್ಲಿ ರೂಪಾಯಿ, ಪಕ್ಕದಲ್ಲಿ ಷೇರು ಮಾರ್ಕೆಟ್ಟಿನ ಹಾಗೆ ಏರೋ ಗೆರೆ. ಆ ಗೆರೆ ನಂಬಿ ಇವನು ಕ್ಲಾಸ್‌ಮೇಟಿಗೆ ತನ್ನ ಕ್ರಿಕೆಟ್ ಬ್ಯಾಟು (ನಾನೇ ಕೊಡಿಸಿದ್ದು), ಮೇಲೆ ಕೂಡಿಟ್ಟ ಹನ್ನೊಂದು ನೂರು ರೂಪಾಯಿ ಕೊಟ್ಟು ಕಾರ್ಡು ತಗೊಂಡಿದ್ದ. ಮಾರಿ ಸೈಕಲ್ಲು ತಗೊಳ್ಳೋ ಪ್ಲಾನು. ಗೇರ್ ಇರೋದು.

ಕಾರ್ಡು ಕೈಗೆ ಬಂದ ತಕ್ಷಣ ಗೊತ್ತಾಯ್ತು. ಪ್ಲಾಸ್ಟಿಕ್ಕು. ಡಬ್ಬಿಗೆ ಐವತ್ತು ಚಿಲ್ಲರೆ ಹಾಕಿ ಸ್ಟೇಷನರಿ ಅಂಗಡಿಗಳಲ್ಲಿ ಮಾರೋ ನಕಲಿ. ಅಸಲಿ ಪೋಕೆಮಾನ್ ಕಾರ್ಡು ಸಾಮಾನ್ಯವಾಗಿ ಕಾಗದದ್ದು. ಅಂಚನ್ನ ಕಣ್ಣಿಗೆ ಹತ್ತಿರ ಹಿಡಿದರೆ ಎರಡು ಬಿಳಿ ಪದರದ ನಡುವೆ ಕೂದಲೆಳೆಯಷ್ಟು ಕಪ್ಪು ಗೆರೆ ಕಾಣುತ್ತೆ. ಮುಂಭಾಗದ ಒಂದು ಫೋಟೋದಲ್ಲಿ ಆ ಗೆರೆ ಎಲ್ಲಿ ಸಿಗುತ್ತೆ? ದನದ ಸಂತೇಲಿ ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸದೆ ಯಾರೂ ಟವೆಲ್ ಕೆಳಗೆ ಕೈ ಹಾಕಲ್ಲ. ನಮ್ಮ ಆ್ಯಪ್ ಎತ್ತಿನ ಪಾಸ್‌ಪೋರ್ಟ್ ಸೈಜ್ ಫೋಟೋ ನೋಡಿ ರೇಟು ಹೇಳಿಬಿಟ್ಟಿತ್ತು.

ನನ್ನ ಸಿಟ್ಟು ಹುಡುಗನ ಮೇಲಲ್ಲ, ನಮ್ಮ ಮೇಲೆ. ನಾನೂ ಬೆಂಗಳೂರಲ್ಲಿ ಇಮೇಜ್ ಮಾಡೆಲ್‌ಗಳ ಕೆಲಸ ಮಾಡೋನೇ. ಇಂಥವು ಹೇಗೆ ಕೆಲಸ ಮಾಡ್ತವೆ ಅಂತ ಗೊತ್ತು: ಫೋಟೋವನ್ನ ಸಂಖ್ಯೆಗಳ ಸಾಲಾಗಿ ಮಾಡಿ, ತನ್ನ ಹತ್ತಿರ ಇರೋ ಚಿತ್ರಗಳಲ್ಲಿ ಅದಕ್ಕೆ ಅತಿ ಹತ್ತಿರದ್ದು ಯಾವುದು ಅಂತ ಹುಡುಕೋದು. ಹತ್ತಿರದ್ದು ಅನ್ನೋದು ಯಾವಾಗಲೂ ಒಂದು ಇದ್ದೇ ಇರುತ್ತೆ. "ನಂಗೊತ್ತಿಲ್ಲ" ಅನ್ನೋದನ್ನ ಬೇಕಂತಲೇ ಕಲಿಸಬೇಕು. ಕಲಿಸೋಣ ಅಂದ್ರೆ ಮೀಟಿಂಗಲ್ಲಿ ಯಾರೋ ಒಬ್ಬರು "ಯೂಸರ್‌ಗೆ ಖಾಲಿ ಸ್ಕ್ರೀನ್ ತೋರಿಸಬಾರದು" ಅಂತಾರೆ. ನಾವೆಲ್ಲ ತಲೆ ಆಡಿಸ್ತೀವಿ. ನಾನೂ ಆಡಿಸಿದ್ದೀನಿ.

ಗುರುತಿಸೋದು ಬೇರೆ, ಬೆಲೆ ಕಟ್ಟೋದು ಬೇರೆ. ಎರಡು ಸಾವಿರ ಕಾರ್ಡುಗಳ ರಾಶಿಯನ್ನ ಸೆಟ್ಟು, ನಂಬರಿನ ಪ್ರಕಾರ ವಿಂಗಡಿಸೋಕೆ ಈ ಟೂಲುಗಳು ನಿಜಕ್ಕೂ ಒಳ್ಳೇವು, ನಾನೂ ಬಳಸ್ತೀನಿ. ಆದರೆ ಬೆಲೆ ಅನ್ನೋದು ಚಿತ್ರದೊಳಗೆ ಇರಲ್ಲ. ಮೂಲೆ ಎಷ್ಟು ಸವೆದಿದೆ, ಮೇಲ್ಮೈ ಗೀರಿದೆಯಾ, ಅಸಲಿಯಾ, ಕೊನೆಗೆ ಯಾರಾದ್ರೂ ದುಡ್ಡು ಎಣಿಸಿ ಕೊಡ್ತಾರಾ? ಪಿಎಸ್‌ಎ ಥರದ ಕಂಪನಿಗಳಿಗೆ ಜನ ಫೀಸು ಕೊಟ್ಟು ಕಾರ್ಡು ಕಳಿಸಿ ಒಂದರಿಂದ ಹತ್ತರ ಗ್ರೇಡು ಹಾಕಿಸ್ಕೊಳ್ಳೋದು ಸುಮ್ನೆ ಅಲ್ಲ. ಕೈಯಲ್ಲಿ ಹಿಡಿದು ನೋಡಿದವರೂ ಎಡವ್ತಾರೆ: ಯೂಟ್ಯೂಬರ್ ಲೋಗನ್ ಪಾಲ್ 35 ಲಕ್ಷ ಡಾಲರ್ ಕೊಟ್ಟು ತಂದ ಹಳೇ ಪೋಕೆಮಾನ್ ಪೆಟ್ಟಿಗೆಯನ್ನ 2022ರ ಜನವರಿಯಲ್ಲಿ ಒಡೆದು ನೋಡಿದ್ರೆ ಒಳಗಿದ್ದದ್ದು ಜಿ.ಐ. ಜೋ ಕಾರ್ಡು. ಅದನ್ನೂ ಪರಿಣಿತರು ಮೊದಲೇ ನೋಡಿ ಅಸಲಿ ಅಂದಿದ್ರು.

ಅವತ್ತು ರಾತ್ರಿ ಹಟಕ್ಕೆ ಬಿದ್ದು ಮನೇಲಿದ್ದದ್ದೆಲ್ಲ ಸ್ಕ್ಯಾನ್ ಮಾಡಿದೆ. ನನ್ನ ಡಬ್ಲ್ಯುಡಬ್ಲ್ಯುಎಫ್ ಟ್ರಂಪ್ ಕಾರ್ಡು, ಅದೇ ಎತ್ತರ, ತೂಕ, ಎದೆ, ಬೈಸೆಪ್ಸ್ ಬರೆದಿರೋದು, ಆ್ಯಪ್ ಪ್ರಕಾರ ಅಮೆರಿಕದ ಯಾವುದೋ ಸೆಟ್ಟು, ಆರು ಸಾವಿರ. ಅಣ್ಣನ ಬಿಗ್ ಫನ್ ಬಬಲ್‌ಗಮ್ಮಿನ ಕ್ರಿಕೆಟ್ ಕಾರ್ಡಿನ ಹಿಂದೆ ರನ್ನು, ವಿಕೆಟ್ಟು ಇರ್ತಿತ್ತಲ್ಲ, ಕೂಡಿಸಿ ಕೊಟ್ರೆ ಬಹುಮಾನ ಸಿಗ್ತಿತ್ತಲ್ಲ, ಅದು "ಬೇಸ್‌ಬಾಲ್, 1989".

ಆಮೇಲೆ ಅಕ್ಕನ ಅತ್ತೆಯ ತಗಡಿನ ಡಬ್ಬಿ. ಆಯಿ ನಿಪ್ಪಾಣಿಯ ತಂಬಾಕು ವಖಾರಿಯಲ್ಲಿ ಕೆಲಸ ಮಾಡಿದವರು. 1982ರಲ್ಲಿ ಯುಗಾಂತರ್ ತಂಡದವರು ಆ ವಖಾರಿ ಹೆಣ್ಣುಮಕ್ಕಳ ಹೋರಾಟದ ಮೇಲೆ ಸಾಕ್ಷ್ಯಚಿತ್ರ ಮಾಡಿದ್ದಾರೆ, ನೋಡದಿದ್ರೆ ನೋಡಿ. ಡಬ್ಬಿ ತುಂಬ ಬೀಡಿ ಕಟ್ಟಿನ ಲೇಬಲ್ಲು. ಬಣ್ಣ ಚೆಂದ ಕಂಡದ್ದನ್ನ ಆಯಿ ಎತ್ತಿಟ್ಟಿದ್ದು, ಅಷ್ಟೇ. ಒಂದನ್ನ ಆ್ಯಪ್‌ಗೆ ತೋರಿಸಿದೆ: "ಅಮೆರಿಕನ್ ಟೊಬ್ಯಾಕೋ ಕಾರ್ಡ್, 1910. ಅಂದಾಜು 600 ಡಾಲರ್."

ತಪ್ಪು ಉತ್ತರ, ಆದರೂ ಒಂದು ಕ್ಷಣ ನಗು ಬಂತು. ಯಾಕಂದ್ರೆ ಕಾರ್ಡು ಸಂಗ್ರಹದ ಹುಚ್ಚು ಶುರುವಾದದ್ದೇ ತಂಬಾಕಿಂದ. ಸಿಗರೇಟಿನ ಮೆತ್ತನೆ ಪಾಕೀಟು ಮುದುಡಬಾರದು ಅಂತ ಹಾಕ್ತಿದ್ದ ದಪ್ಪ ಕಾಗದದ ಮೇಲೆ ಕಂಪನಿಗಳು ಚಿತ್ರ ಅಚ್ಚು ಹಾಕಿದ್ವು. 1909ರಿಂದ 1911ರವರೆಗೆ ಹಾಗೆ ಬಂದ ಒಂದು ಸೆಟ್ಟಿನ ಹೋನಸ್ ವಾಗ್ನರ್ ಕಾರ್ಡು 2022ರಲ್ಲಿ 72.5 ಲಕ್ಷ ಡಾಲರಿಗೆ ಹೋಯ್ತು. ಅಲ್ಲಿ ಸಿಗರೇಟಿನ ಚೀಟಿಗೆ ಕ್ಯಾಟಲಾಗು, ಹರಾಜು, ಗ್ರೇಡು, ನೂರು ವರ್ಷದ ದಾಖಲೆ. ನಿಪ್ಪಾಣಿಯ ಬೀಡಿ ಚೀಟಿಗೆ ಆ್ಯಪ್ ಕೊಟ್ಟದ್ದು ಅವರ ಹೆಸರು, ಅವರ ವರ್ಷ, ಅವರ ಡಾಲರು. ಯಾರೂ ದಾಖಲೆ ಮಾಡಿಲ್ಲ, ಯಾರೂ ಮಾರಿಲ್ಲ, ಹಾಗಾಗಿ ಬೆಲೆ ಗೊತ್ತಿಲ್ಲ: ಇಷ್ಟು ಹೇಳಿದ್ರೆ ಸಾಕಿತ್ತು.

ಆಯಿ ಕೇಳಿದ್ರು, "ಎಷ್ಟ ಅಂತದ?" ನಾನು ಐವತ್ತು ಸಾವಿರ ಅಂದಿದ್ರೆ ಅವರು ನಂಬ್ತಿದ್ರು. ಬೆಂಗಳೂರಿನ ಹುಡುಗ, ಕಂಪ್ಯೂಟರಿನ ಕೆಲಸದವನು. "ಏನೂ ಇಲ್ರಿ" ಅಂದೆ. ಡಬ್ಬಿ ಮುಚ್ಚಿ ತಗೊಂಡು ಹೋದ್ರು.

ನಿಮ್ಮ ಆಫೀಸಿನ ಗ್ರೂಪಲ್ಲೂ ಇದಾರೆ ನೋಡಿ, "ನನ್ನ ಬಾಲ್ಯದ ಕಲೆಕ್ಷನ್ ಮೂರು ಲಕ್ಷವಂತೆ" ಅಂತ ಸ್ಕ್ರೀನ್‌ಶಾಟ್ ಹಾಕೋರು. ಮಾರಿದ್ರಾ? ಇಲ್ಲ. ಮಾರೋಕೆ ಇಟ್ಟ ರೇಟಿಗೂ ಮಾರಾಟ ಆದ ರೇಟಿಗೂ ಎಷ್ಟು ಅಂತರ ಅಂತ ಒಮ್ಮೆ ನೋಡಿದ್ರಾ? ಅದೂ ಇಲ್ಲ. ನಿಮಗದು ತಮಾಷೆ, ಒಂದು ಲೈಕು. ಅದೇ ಆ್ಯಪ್ಪು ಅದೇ ಹಸಿರು ಅಕ್ಷರದಲ್ಲಿ ಕೊಗನೊಳ್ಳಿಯ ಹುಡುಗನಿಗೂ ಮಾತಾಡುತ್ತೆ. ಅವನಿಗೆ ಹನ್ನೊಂದು ನೂರು ಅಂದ್ರೆ ಒಂದು ವರ್ಷದ ಉಳಿತಾಯ.

ನಕಲಿ ಅಂತ ಅವನಿಗೆ ಅಂಚು ತೋರಿಸಿ ಹೇಳಿದೆ. ಅರ್ಧ ನಂಬಿದ. ಮಾರನೇ ದಿನ ಬೇರೆ ಆ್ಯಪ್ ಹಾಕ್ಕೊಂಡು ಬಂದು, "ಮಾಮಾ, ಇದರಾಗ ಐವತ್ತೆರಡ ತೋರಸ್ತದ" ಅಂದ. ಬ್ಯಾಟು ಇನ್ನೂ ವಾಪಸ್ ಬಂದಿಲ್ಲ. ಬೇಸಿಗೇಲಿ ಹೋದಾಗ ಆ ಇನ್ನೊಬ್ಬ ಹುಡುಗನ ಮನೆಗೆ ನಾನೇ ಹೋಗಬೇಕು.