ಮೂವತ್ತೊಂದರ ರಾತ್ರಿ ಯಾರದು?

ಕ್ರಿಸ್‌ಮಸ್ ರಜೆ ಹತ್ತಿರ ಬಂತೆಂದರೆ ನಮ್ಮ ಹುಬ್ಬಳ್ಳಿ-ಧಾರವಾಡದ ಬಹಳಷ್ಟು ಮನೆಗಳಲ್ಲಿ ಒಂದೇ ವ್ಯಾಜ್ಯ. ಮೊಮ್ಮಕ್ಕಳು ಹೇಳುವುದು: 'ಮೂವತ್ತೊಂದಕ್ಕ ಗೆಳ್ಯಾರ ಜೋಡಿ ಹೊರಗ ಹೋಗ್ತೇವಿ, ಬರೂದು ತಡಾ ಆಗ್ತದ.' ಅಜ್ಜ-ಅಜ್ಜಿಯರು ಹೇಳುವುದು: 'ನಮ್ಮ ಕಾಲದಾಗ ಇಂಥಾ ರಾತ್ರಿ ತಿರುಗಾಟ ಇದ್ದಿದ್ದಿಲ್ಲ. ಎಂಟಕ್ಕ ಊಟ, ಒಂಬತ್ತಕ್ಕ ನಿದ್ದಿ.' ನಡುವೆ ಸಿಕ್ಕಿಕೊಂಡ ಅಪ್ಪ-ಅಮ್ಮ ಸುಮ್ಮನೆ ಟಿವಿ ನೋಡುತ್ತಾರೆ.

ನಾನು ವಯಸ್ಸಿನಲ್ಲಿ ಅಜ್ಜಂದಿರ ಪಕ್ಷದವನು. ಆದರೂ ಈ ವಾರ ಸಾಕ್ಷಿ ಹೇಳುವುದು ಮೊಮ್ಮಕ್ಕಳ ಪರವಾಗಿ. ನಮ್ಮ ಕಾಲದಲ್ಲಿ ರಾತ್ರಿ ತಿರುಗಾಟ ಇರಲಿಲ್ಲ ಎಂಬುದು ನಿಜವಲ್ಲ. ಇತ್ತು, ಬೆಳ್ಳಿ ಮೂಡುವ ತನಕ ಇತ್ತು. ಮಕ್ಕಳೇ, ಈಗಲೇ ಚಪ್ಪಾಳೆ ತಟ್ಟಬೇಡಿ. ನಿಮಗೂ ಒಂದು ಮಾತು ಇಟ್ಟುಕೊಂಡಿದ್ದೇನೆ.

ಮೊದಲು ನಾಟಕದ ಸಂಗತಿ. ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ನಾಟಕ ಕಂಪನಿಗಳು ಊರಲ್ಲಿ ಡೇರೆ ಹಾಕುತ್ತಿದ್ದವು. ಸುತ್ತಲಿನ ಹಳ್ಳಿಯವರು ಚಕ್ಕಡಿ ಕಟ್ಟಿಕೊಂಡು ಬರುತ್ತಿದ್ದರು. ಬುತ್ತಿ, ಕಂಬಳಿ, ಮಲಗಿದ ಕೂಸು ಎಲ್ಲವೂ ಚಕ್ಕಡಿಯಲ್ಲೇ. ಊಟ ಮುಗಿದ ಮೇಲೆ ಪರದೆ ಏಳುತ್ತಿತ್ತು. ಹಾಡು ಹಿಡಿಸಿದರೆ 'ವನ್ಸ್ ಮೋರ್' ಎಂಬ ಕೂಗು. ಒಂದೊಂದು ಹಾಡಿಗೆ ಮೂರು ಮೂರು ಸಲ ವನ್ಸ್ ಮೋರ್ ಬಿದ್ದರೆ ಖಳನಾಯಕ ಸಾಯುವುದು ಕೋಳಿ ಕೂಗುವ ಹೊತ್ತಿಗೆ! ನೂರು ವರ್ಷ ದಾಟಿ ಬಾಳಿದ ಏಣಗಿ ಬಾಳಪ್ಪನವರ ಕಲಾವೈಭವ ನಾಟ್ಯ ಸಂಘದ ಹೆಸರು ಹೇಳಿದರೆ ನಿಮ್ಮ ಅಜ್ಜಿಯ ಮುಖ ಅರಳದಿದ್ದರೆ ಕೇಳಿ.

ಆ ಕಾಲದ ರಂಗದ ಮೇಲೆ ಗಂಡಸರೇ ಸೀರೆ ಉಟ್ಟು ಹೆಣ್ಣಿನ ಪಾತ್ರ ಮಾಡುತ್ತಿದ್ದರು. ಕುಂದಗೋಳದ ರಾಮಭಾವು ಅವರು ಮರಾಠಿ ರಂಗಭೂಮಿಯಲ್ಲಿ ಹಾಗೆ ಹಾಡಿ ಹೆಸರು ಮಾಡಿದವರು. ಅವರಿಗೆ ಬಂದ ಬಿರುದು ಸವಾಯಿ ಗಂಧರ್ವ. ಸವಾಯಿ ಅಂದರೆ ಒಂದೂಕಾಲು. ಅಂದರೆ ಗಂಧರ್ವನಿಗಿಂತ ಶೇಕಡಾ 25 ಹೆಚ್ಚು! ಲೆಕ್ಕದಲ್ಲಿ ಕೊಟ್ಟ ಇಷ್ಟು ಚಂದದ ಬಿರುದನ್ನು ನಾನು ಬೇರೆ ಕಂಡಿಲ್ಲ.

ಇನ್ನು ಸಂಗೀತದ ಬೈಠಕ್. ಒಂದು ಪಡಸಾಲೆ, ಒಂದು ಜಮಖಾನೆ, ಎರಡು ತಂಬೂರಿ, ತಬಲಾ, ಹಾರ್ಮೋನಿಯಂ, ಇಷ್ಟೇ. ಹಿಂದೂಸ್ತಾನಿ ಸಂಗೀತಕ್ಕೆ ತನ್ನದೇ ಗಡಿಯಾರವಿದೆ. ದಿನದ 24 ತಾಸನ್ನು ಮೂರು ಮೂರು ತಾಸಿನ ಎಂಟು ಪ್ರಹರಗಳಾಗಿ ಹಂಚಿ, ಯಾವ ರಾಗಕ್ಕೆ ಯಾವ ಹೊತ್ತು ಎಂದು ಹಿರಿಯರು ಗೊತ್ತು ಮಾಡಿದ್ದಾರೆ. ದೀಪ ಹಚ್ಚುವ ಹೊತ್ತು ದಾಟಿದ ಮೇಲೆ ಯಮನ್, ರಾತ್ರಿ ಏರಿದಂತೆ ಬಾಗೇಶ್ರೀ, ನಡುರಾತ್ರಿಗೆ ದರ್ಬಾರಿ ಕಾನಡಾ, ಮಾಲಕಂಸ. ಮೂಡಲು ಬೆಳಗುವ ಮುನ್ನ ಲಲಿತ್. ಕೊನೆಗೆ ಭೈರವಿ ಹಾಡಿ ಎದ್ದರೆ ಹೊರಗೆ ಹಾಲಿನವನ ಸೈಕಲ್ ಗಂಟೆ. ರಾತ್ರಿಯೆಲ್ಲ ಎಚ್ಚರ ಇದ್ದವನಿಗೆ ಮಾತ್ರ ಈ ಗಡಿಯಾರ ಪೂರ್ತಿ ಸುತ್ತುವುದು ಗೊತ್ತಾಗುತ್ತಿತ್ತು.

ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋದವರು ಕಿಟಕಿಯಿಂದ ಹೊಲ ನೋಡಿರುತ್ತೀರಿ. ಗಂಗೂಬಾಯಿ ಹಾನಗಲ್ ಅವರು ಇದೇ ಹಾದಿಯಲ್ಲಿ ರೈಲು ಹಿಡಿದು ಸವಾಯಿ ಗಂಧರ್ವರ ಹತ್ತಿರ ಪಾಠಕ್ಕೆ ಹೋಗುತ್ತಿದ್ದರು. ಪಾಠ ಮುಗಿಸಿ ಹೊರಟಾಗ ಅವರನ್ನು ಸ್ಟೇಷನ್ನಿನ ತನಕ ಕಳಿಸಲು ಗುರುಗಳ ಮನೆಯಲ್ಲೇ ಇದ್ದ ಒಬ್ಬ ಹುಡುಗ ಜೊತೆಗೆ ನಡೆಯುತ್ತಿದ್ದ. 'ಅಕ್ಕಾ, ಇವತ್ತು ಗುರುಗಳು ಹೇಳಿಕೊಟ್ಟದ್ದನ್ನು ಇನ್ನೊಮ್ಮೆ ಹಾಡು' ಎಂದು ದಾರಿಯುದ್ದಕ್ಕೂ ಕಾಡುತ್ತಿದ್ದ. ಆ ಹುಡುಗ ಭೀಮಸೇನ ಜೋಶಿ. ಮುಂದೆ ಅವರಿಗೆ ಭಾರತರತ್ನ ಬಂತು.

ಈಗ ಡಿಸೆಂಬರ್ 31ಕ್ಕೆ ಬರೋಣ. ನಮ್ಮ ಊರಿಗೆ ಆ ತಾರೀಖಿನ ಮೇಲೆ ಬೇರೆ ಹಕ್ಕೂ ಇದೆ. ಧಾರವಾಡದ ಪಕ್ಕದ ಮನಸೂರಿನಲ್ಲಿ ಮಲ್ಲಿಕಾರ್ಜುನ ಮನಸೂರರು ಹುಟ್ಟಿದ್ದು 1910ರ ಡಿಸೆಂಬರ್ 31ರಂದು. ಅವರೂ ಹುಡುಗರಿದ್ದಾಗ ನಾಟಕ ಕಂಪನಿಯಲ್ಲಿ ರಾತ್ರಿ ಕಳೆದವರೇ. ಬೇರೆಯವರು ಅಪರೂಪಕ್ಕೆ ಹಾಡುವ ರಾಗಗಳನ್ನು ನೀರು ಕುಡಿದಷ್ಟು ಸಲೀಸಾಗಿ ಹಾಡುತ್ತಿದ್ದರು. ಜಗತ್ತೆಲ್ಲ ಪಟಾಕಿ ಹಚ್ಚುವ ರಾತ್ರಿ ನಮ್ಮ ಊರಿನ ಇಂಥವರೊಬ್ಬರ ಹುಟ್ಟುಹಬ್ಬ ಎಂದು ಎಷ್ಟು ಮಕ್ಕಳಿಗೆ ಗೊತ್ತು?

ನಮ್ಮಂಥ ಬ್ಯಾಂಕ್ ಗುಮಾಸ್ತರಿಗೂ ಆ ರಾತ್ರಿ ಜಾಗರಣೆಯೇ. ಈಗ ಬ್ಯಾಂಕಿನ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. 1980ರ ದಶಕದ ಕೊನೆಯವರೆಗೂ ಅದು ಮುಗಿಯುತ್ತಿದ್ದುದು ಡಿಸೆಂಬರ್ 31ಕ್ಕೆ. ಕಂಪ್ಯೂಟರ್ ಇಲ್ಲ. ಮಫ್ಲರ್ ಸುತ್ತಿಕೊಂಡು, ಮಿರ್ಚಿ ಭಜಿ ತಿನ್ನುತ್ತ, ಲೆಡ್ಜರ್ ಮುಂದೆ ಕೂತು ಬಡ್ಡಿ ಕೂಡಿಸುತ್ತಿದ್ದೆವು. ಲೆಕ್ಕ ಕೂಡದಿದ್ದರೆ ಯಾರೂ ಮನೆಗೆ ಹೋಗುವಂತಿಲ್ಲ. ಆಗ ಹಿರಿಯ ಗುಮಾಸ್ತರೊಬ್ಬರು ಕೇಳುತ್ತಿದ್ದರು: 'ಫರಕು ಎಷ್ಟದ? ಒಂಬತ್ತರಿಂದ ಭಾಗ ಹೋಗ್ತದೇನು ನೋಡ್ರಿ.' ಹೋದರೆ ಯಾರೋ ಅಂಕಿ ಅದಲು ಬದಲು ಬರೆದಿರುವ ಸಂಭವ ಹೆಚ್ಚು. 54ರ ಜಾಗದಲ್ಲಿ 45, 81ರ ಜಾಗದಲ್ಲಿ 18. ವ್ಯತ್ಯಾಸ ಯಾವಾಗಲೂ ಒಂಬತ್ತರ ಮಗ್ಗಿಯಲ್ಲೇ ಬೀಳುತ್ತದೆ. ಯಾಕೆ ಹೀಗೆ ಎಂಬುದು ಮಕ್ಕಳಿಗೆ ಈ ವಾರದ ಲೆಕ್ಕ.

ಇನ್ನು ಉಡುಗೆ. ಮೊಮ್ಮಗಳು ಮೊಣಕಾಲು ಹರಿದ ಜೀನ್ಸ್ ಹಾಕಿಕೊಂಡು ಬಂದರೆ ಅಜ್ಜಿ ಸೂಜಿ-ದಾರ ಹುಡುಕುತ್ತಾಳೆ. ಅದೇ ಮೊಮ್ಮಗಳು ಅಜ್ಜಿಯ ಪೆಟ್ಟಿಗೆಯಿಂದ ಗುಳೇದಗುಡ್ಡ ಖಣ ತೆಗೆದು ಜಾಕೀಟು ಹೊಲಿಸಿಕೊಂಡರೆ ಅಜ್ಜಿಯ ಕಣ್ಣು ತುಂಬುತ್ತದೆ. ಇಳಕಲ್ ಸೀರೆಯ ಮೇಲಿನ ಕಸೂತಿಯೂ ಈಗ ಹುಡುಗಿಯರ ಕುರ್ತಾದ ಮೇಲೆ ಬಂದಿದೆ. ಹಿಂದಿನ ಹೆಂಗಸರು ಕಸೂತಿಗೆ ಪೆನ್ಸಿಲ್ಲಿನಿಂದ ಗೀಟು ಹಾಕಿಕೊಳ್ಳುತ್ತಿರಲಿಲ್ಲ. ಬಟ್ಟೆಯ ಎಳೆ ಎಣಿಸಿಯೇ ಗೋಪುರ, ತೇರು, ಆನೆ, ನವಿಲು ಎಲ್ಲವನ್ನೂ ಮೂಡಿಸುತ್ತಿದ್ದರು. ಗವಂತಿ ಹೊಲಿಗೆಯಲ್ಲಿ ಹಾಕಿದ್ದು ಬಟ್ಟೆಯ ಎರಡೂ ಬದಿಗೆ ಒಂದೇ ಥರ ಕಾಣಬೇಕು. ಒಂದು ಎಳೆ ತಪ್ಪಿದರೆ ಗೋಪುರ ವಾಲುತ್ತದೆ. ಬ್ಯಾಂಕಿನ ಲೆಡ್ಜರಿಗಿಂತ ಬಿಗಿಯಾದ ಲೆಕ್ಕ ಅದು.

ಹಳೆಯ ಬಟ್ಟೆಗೆ ನಮ್ಮಲ್ಲಿ ಎರಡು ಗತಿ. ಅಜ್ಜಿಯ ಕೈಗೆ ಸಿಕ್ಕರೆ ಕೌದಿ, ಹುಡುಗರ ಕೈಗೆ ಸಿಕ್ಕರೆ 'ಓಲ್ಡ್ ಮ್ಯಾನ್'. ಹುಲ್ಲು ತುಂಬಿದ ಮುದುಕನ ಬೊಂಬೆ ಮಾಡಿ ಡಿಸೆಂಬರ್ 31ರ ನಡುರಾತ್ರಿ ಸುಡುವ ರೂಢಿ ಪಕ್ಕದ ಬೆಳಗಾವಿಯಲ್ಲಿ ಜೋರು. ಕೇರಳದ ಕೊಚ್ಚಿಯಲ್ಲಿ ಇಂಥದೇ ಬೊಂಬೆಗೆ ಪಾಪ್ಪಾಂಞಿ ಎನ್ನುತ್ತಾರೆ. ಹೋದ ವರ್ಷ ನಮ್ಮ ಓಣಿಯ ಹುಡುಗರೂ ಒಂದು ಮಾಡಿದರು. 'ಅಜ್ಜಾರ, ನಿಮ್ಮ ಬ್ಯಾಂಕಿನ ಪ್ಯಾಂಟು ಕೊಡ್ರಿ' ಎಂದು ಬಂದರು. ಕೊಟ್ಟೆ. ಹಳೆಯ ಕನ್ನಡಕದ ಚೌಕಟ್ಟನ್ನೂ ಕೊಟ್ಟೆ. ಬೊಂಬೆ ನೋಡಿದವರೆಲ್ಲ ಒಮ್ಮೆ ಅದನ್ನು, ಒಮ್ಮೆ ನನ್ನನ್ನು ನೋಡಿ ನಕ್ಕರು. ಹಳೆಯ ವರ್ಷ ಸುಡುವುದಾದರೆ ಸುಡಲಿ, ನನಗೇನು ಬೇಜಾರಿಲ್ಲ.

ಬೇಜಾರಿನ ಮಾತು ಬಂದದ್ದು ಸೌಂಡ್ ಬಾಕ್ಸಿನಿಂದ. ಹುಡುಗರು ಎರಡು ಆಳೆತ್ತರದ ಬಾಕ್ಸ್ ತರಿಸಿದ್ದರು. ಬಾಕ್ಸ್ ಇಟ್ಟ ಜಾಗದ ಎದುರು ಮನೆಯಲ್ಲಿ ಆಪರೇಷನ್ ಆಗಿ ನಾಲ್ಕು ದಿನದ ಹಿಂದೆ ಮನೆಗೆ ಬಂದ ಅಜ್ಜಿ. ಎರಡು ಮನೆ ಆಚೆ ಮೂರು ತಿಂಗಳ ಕೂಸು. ಹಿರಿಯರು ಬೈಯಲು ಸಜ್ಜಾದರು, ಹುಡುಗರು ವಾದಿಸಲು ಸಜ್ಜಾದರು.

ಇಲ್ಲಿ ನಿಯಮ ಏನೆಂದು ಮಕ್ಕಳು ತಿಳಿದಿರಬೇಕು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರ ತನಕ ಬಯಲಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಹಬ್ಬ-ಉತ್ಸವಗಳಿಗೆ ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರ ತನಕ ಸರ್ಕಾರ ಸಡಿಲಿಕೆ ಕೊಡಬಹುದು. ಜನವಸತಿ ಪ್ರದೇಶದಲ್ಲಿ ರಾತ್ರಿಯ ಸದ್ದಿನ ಮಿತಿ 45 ಡೆಸಿಬಲ್. ಮೆಲ್ಲಗೆ ಮಾತಾಡಿಕೊಳ್ಳುವಷ್ಟು ಸದ್ದು ಎಂದು ಹಿಡಿಯಿರಿ.

ಈ ನಿಯಮ ಕೂಸಿಗೂ ರೋಗಿಗೂ ನಿದ್ದೆ ಕೊಟ್ಟಿತು. ಆದರೆ ನನ್ನಂಥವರಿಂದ ಒಂದನ್ನು ಕಸಿದುಕೊಂಡಿತು. ಗುರುಗಳ ನೆನಪಿಗೆಂದು ಭೀಮಸೇನ ಜೋಶಿಯವರು 1953ರಲ್ಲಿ ಪುಣೆಯಲ್ಲಿ ಆರಂಭಿಸಿದ ಸವಾಯಿ ಗಂಧರ್ವ ಉತ್ಸವ ಪ್ರತಿ ಡಿಸೆಂಬರಿನಲ್ಲಿ ನಡೆಯುತ್ತದೆ. ಹಿಂದೆ ಅದು ಬೆಳಗಿನ ತನಕ ಸಾಗುತ್ತಿತ್ತು. ಹತ್ತು ಗಂಟೆಯ ನಿಯಮ ಬಂದ ಮೇಲೆ ಆ ಇಡೀ ರಾತ್ರಿಗಳು ಹೋದವು. ನಡುರಾತ್ರಿಯ ರಾಗಗಳನ್ನು ಅವುಗಳ ಹೊತ್ತಿನಲ್ಲಿ ವೇದಿಕೆಯ ಮೇಲೆ ಕೇಳುವುದು ಅಪರೂಪವಾಯಿತು. ಇದು ನನಗೆ ನೋವಿನ ಸಂಗತಿ. ಆದರೂ ಎದುರು ಮನೆಯ ಅಜ್ಜಿಯ ನಿದ್ದೆಗೂ ಮಾಲಕಂಸಕ್ಕೂ ತಕ್ಕಡಿ ಹಿಡಿದರೆ ನಾನು ನಿದ್ದೆಯ ಕಡೆಗೇ ನಿಲ್ಲುತ್ತೇನೆ.

ನಮ್ಮ ಓಣಿಯ ವ್ಯಾಜ್ಯ ಬಗೆಹರಿಸಿದ್ದು ಹತ್ತನೆಯ ತರಗತಿಯ ಹುಡುಗಿ. 'ಹತ್ತರ ತನಕ ಡಾನ್ಸ್. ಆಮೇಲೆ ಬಾಕ್ಸ್ ಬಂದ್' ಅಂದಳು. 'ಹನ್ನೆರಡರ ತನಕ ಏನ್ ಮಾಡೂದು?' ಎಂದು ಹುಡುಗರು. ಆಗ ನಮ್ಮ ಓಣಿಯ ಭಜನಾ ಮೇಳದ ಹಿರಿಯರು ದಮಡಿ, ತಾಳ ತಂದರು. ನಾಲ್ಕು ಹುಡುಗರು ಬೇಸರ ಮಾಡಿಕೊಂಡು ಬೈಕ್ ಹತ್ತಿ ಬೇರೆ ಕಡೆಗೆ ಹೋದರು. ಉಳಿದವರು ಬೆಂಕಿ ಕಾಯಿಸುತ್ತ ಕೂತರು. ಮೈಕ್ ಇಲ್ಲದೆ ಮೆಲುದನಿಯಲ್ಲಿ ಶಿಶುನಾಳ ಶರೀಫರ ಪದ ಒಂದು, ಸಿನಿಮಾ ಹಾಡು ಒಂದು, ಹೀಗೆ ಸರದಿ ನಡೆಯಿತು. ಹನ್ನೆರಡಕ್ಕೆ ನನ್ನ ಪ್ಯಾಂಟು ಹೊತ್ತಿ ಉರಿಯಿತು. ಎಲ್ಲರೂ ಒಬ್ಬರಿಗೊಬ್ಬರು ಪೇಢೆ ತಿನ್ನಿಸಿ ಮನೆಗೆ ಹೋದರು. ಮರುದಿನ ಎದುರು ಮನೆಯ ಅಜ್ಜಿ ಕಿಟಕಿಯಿಂದ ಕೇಳಿದ್ದು ಒಂದೇ ಮಾತು: 'ಹನ್ನೆರಡಕ್ಕ ಯಾಕ ನಿಲ್ಲಿಸಿದ್ರಿ?'

ಮಕ್ಕಳೇ, ನಿಮಗೆ ಇಟ್ಟುಕೊಂಡ ಮಾತು ಇದು. ನಿಯಮ ತಡೆಯುವುದು ಧ್ವನಿವರ್ಧಕವನ್ನು, ಹಾಡನ್ನಲ್ಲ. ತಂಬೂರಿಯ ಸದ್ದು ಪಕ್ಕದ ಮನೆಗೂ ಮುಟ್ಟುವುದಿಲ್ಲ. ನಮ್ಮ ಊರಿನ ರಾತ್ರಿಗಳು ಹಿಂದೆ ಅಷ್ಟು ಉದ್ದ ಬೆಳೆದದ್ದು ಸದ್ದಿನ ಬಲದಿಂದಲ್ಲ, ಪಡಸಾಲೆಯ ಕೊನೆಯಲ್ಲಿ ಕೂತವನೂ ಕಿವಿಗೊಟ್ಟು ಕೇಳುತ್ತಿದ್ದ ಎಂಬ ಕಾರಣಕ್ಕೆ.

ಅಜ್ಜ-ಅಜ್ಜಿಯರೇ, ನಿಮಗೂ ಒಂದು ಮಾತು. ಮೊಮ್ಮಕ್ಕಳು ಈ ರಜೆಯಲ್ಲಿ ದುರ್ಗದ ಬೈಲಿಗೆ ಹೋಗಿ ಗಿರ್ಮಿಟ್ ತಿನ್ನಲಿ, ಚಿಗರಿ ಬಸ್ ಹತ್ತಿ ಧಾರವಾಡಕ್ಕೆ ಹೋಗಿ ಹಾಡು ಕೇಳಿ ಬರಲಿ. ಯಾರ ಜೊತೆ, ಎಷ್ಟು ಗಂಟೆಗೆ ವಾಪಸ್ ಎಂದು ಮೊದಲೇ ಕೇಳಿ ಇಟ್ಟುಕೊಳ್ಳಿ. ಬಂದ ಮೇಲೆ 'ಇಷ್ಟೊತ್ತು ಎಲ್ಲಿದ್ದಿ?' ಅನ್ನುವ ಬದಲು 'ಏನು ಹಾಡಿದರು?' ಎಂದು ಕೇಳಿ.

ಮೂವತ್ತೊಂದರ ರಾತ್ರಿ ಹತ್ತಾದ ಮೇಲೆ ಮೊಬೈಲಿನಲ್ಲಿ ಮನಸೂರರ ಯಾವುದಾದರೂ ರಾತ್ರಿಯ ರಾಗ ಹುಡುಕಿ. ಇಯರ್‌ಫೋನಿಗೆ ಎರಡು ತುದಿ ಇರುತ್ತವೆ. ಒಂದು ಮೊಮ್ಮಗಳ ಕಿವಿಗೆ, ಇನ್ನೊಂದು ಅಜ್ಜನ ಕಿವಿಗೆ. ಕೌದಿಯೂ ಒಂದೇ ಸಾಕು.